ಮನೆಗೊಂದು ಕೈ ಮಣ್ಣು

ಹೆಸರು: ಮಹಾಲಿಂಗಮ್ಮ, ಗಂಡ ದಿವಂಗತ ಮಲ್ಲ
ವಯಸ್ಸು: 63
ಕೆಲಸ: ಹಳೆಯ ಇಂಗ್ಲಿಷರ ಸ್ಮಶಾನದ ಕಾವಲು, ಗುಡಿಸುವುದು
ವಾಸ: ಸ್ಮಶಾನದ ಗೇಟಿನ ಪಕ್ಕದ ಮನೆ, ಉದಕಮಂಡಲ. ಹುಟ್ಟಿದ್ದು ತುಮ್ಮನಟ್ಟಿ.

ಈ ದಿನ ಮಧ್ಯಾಹ್ನ ಠಾಣೆಗೆ ಬಂದು ಎಸ್‌ಐ ಅವರ ಮುಂದೆ ನಾನು ಹೇಳಿ ಬರೆಸುವುದೇನೆಂದರೆ:

ನನ್ನ ಗಂಡ ತೀರಿಕೊಂಡ ಮೇಲೆ ಅವರ ಕೆಲಸವನ್ನು ನಾನೇ ಮಾಡುತ್ತಿದ್ದೇನೆ. ಮಕ್ಕಳಿಲ್ಲ. ತುಮ್ಮನಟ್ಟಿಯ ನಮ್ಮ ಮನೆಗೆ ಬೀಗ ಹಾಕಿದೆ. ಸ್ಮಶಾನಕ್ಕೆ ಯಾರೂ ಬರುವುದಿಲ್ಲ. ಕೆಲವು ದಿನ ಹಾಲಿನವನು ಬಂದರೆ ಮಾತ್ರ ನಾನು ಬಾಯಿ ತೆರೆಯುವುದು. ಇದೆಲ್ಲ ಬರೆಯಬೇಕಾಗಿಲ್ಲ ಎಂದು ಬರೆದುಕೊಳ್ಳುತ್ತಿರುವ ಕಾನ್‌ಸ್ಟೇಬಲ್ ಮಣಿಕಂಡನ್ ಹೇಳಿದರು. ಬರೆಯಿರಿ ಎಂದೆ.

ಇಂದು ಅಮಾವಾಸ್ಯೆ. ಬೆಳಿಗ್ಗೆ ಸುಮಾರು 11 ಗಂಟೆಗೆ ವಯಸ್ಸಾದ ಒಬ್ಬ ಗಂಡಸು ಕೈಚೀಲ ಹಿಡಿದು ಒಳಗೆ ಬಂದರು. ಕೆಳಗಿನ ಸಾಲಿನಲ್ಲಿ ಒಬ್ಬ ಇಂಗ್ಲಿಷ್ ಹೆಂಗಸಿನ ಗೋರಿಯ ಮುಂದೆ ಮಂಡಿಯೂರಿದರು. ನಾನು ನಲವತ್ತು ಅಡಿ ದೂರದಲ್ಲಿ ಎಲೆ ಗುಡಿಸುತ್ತಿದ್ದೆ. ಅವರು ಬಿಸ್ಕೆಟ್ ಡಬ್ಬಿಯಿಂದ ಕಪ್ಪು ಮಣ್ಣನ್ನು ಗೋರಿಯ ಮೇಲೆ ಸುರಿದರು. ಆಮೇಲೆ ಚಮಚದಿಂದ ಪಕ್ಕದ ಕೆಂಪು ಮಣ್ಣನ್ನು ಕೆರೆದು ಅದೇ ಡಬ್ಬಿಗೆ ತುಂಬಿದರು.

ಅಮಾವಾಸ್ಯೆಯಂದು ಗೋರಿಯ ಮಣ್ಣನ್ನು ಯಾಕೆ ಒಯ್ಯುತ್ತಾರೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆಗದವರ ಬಾಗಿಲಲ್ಲಿ ಅದನ್ನು ಹೂತರೆ ಆ ಮನೆ ಮತ್ತೆ ಏಳುವುದಿಲ್ಲ. ನಾನು ಪೊರಕೆ ಹಿಡಿದೇ ಹೋಗಿ, "ಯಾರ ಮನೆ ಹಾಳು ಮಾಡೋಕೆ ಈ ಕೆಲಸ?" ಎಂದು ಕೇಳಿದೆ. ಅವರು ಒಂದು ನಿಮಿಷ ಕೊಡಿ, ಹೇಳುತ್ತೇನೆ ಎಂದರು. ನಾನು ಕೊಡಲಿಲ್ಲ. ಹೊರಗೆ ಓಡಿ ಗೇಟಿಗೆ ಬೀಗ ಜಡಿದು ಠಾಣೆಗೆ ಫೋನ್ ಮಾಡಿದೆ. 5 ಗಂಟೆಗೆ ಕೊಯಮತ್ತೂರಿನ ಬಸ್, ರಾತ್ರಿ ವಿಮಾನ ಇದೆ ಎಂದು ಅವರು ಕಂಬಿ ಹಿಡಿದು ಬೇಡಿಕೊಂಡರು. ಮಾಟಗಾರರು ಈಗ ವಿಮಾನದಲ್ಲೇ ಓಡಾಡುವುದೋ ಎಂದು ಕೇಳಿದೆ. ಪೊಲೀಸರು ಬಂದು ನಮ್ಮಿಬ್ಬರನ್ನೂ ಡಬ್ಬಿಯನ್ನೂ ಠಾಣೆಗೆ ತಂದರು.

ಎಸ್‌ಐ ವಿಚಾರಿಸಿದಾಗ ಅವರು ತಮ್ಮ ಹೆಸರು ಸುಧಾಕರನ್, ಊರು ಗೂಡಲೂರು, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಕಾಲೇಜು ಹಾಸ್ಟೆಲಿನ ಅಡುಗೆಯವನಾಗಿದ್ದೆ ಎಂದರು. ಹೆಂಡತಿ ಈ ವರ್ಷ ತೀರಿಕೊಂಡರಂತೆ. ಆ ಊರಿನ ಹಳೆಯ ಸ್ಮಶಾನದಲ್ಲಿ ಹೂತಿದ್ದಾರೆ. ಅಲ್ಲಿಯೂ ಹೀಗೆಯೇ ಪಾಚಿ ಹಿಡಿದ ಕಲ್ಲುಗಳು, ಕೇಳುವವರಿಲ್ಲದ ಹೆಸರುಗಳು ಎಂದರು. ಅಂದು ಮಣ್ಣು ಹಾಕಲು ಅವಳ ಕಡೆಯವರು ಒಬ್ಬರೂ ಇರಲಿಲ್ಲವಂತೆ. ನೆನ್ನೆ ಅವಳ ಹಟ್ಟಿಗೆ ಹೋಗಿ ಒಂದು ಹಿಡಿ ಮಣ್ಣು ಕೇಳಿದರೆ, ಜನ ಮಾಟಗಾರನೆಂದು ಓಡಿಸಿದರಂತೆ. ಇಲ್ಲಿ ಆ ಗೋರಿಯ ಕಲ್ಲಿನಲ್ಲಿ ಹೆಂಗಸಿನ ಊರು ಆಕ್ಸ್‌ಫರ್ಡ್ ಎಂದು ಕೆತ್ತಿದೆ. ಹೆಂಡತಿಯ ಗೋರಿಯಿಂದ ತಂದಿದ್ದ ಮಣ್ಣನ್ನು ಆ ಇಂಗ್ಲಿಷ್ ಹೆಂಗಸಿಗೆ ಕೊಟ್ಟು, ಈ ಬೆಟ್ಟದ ಮಣ್ಣನ್ನು ಹೆಂಡತಿಗೆ ಒಯ್ಯೋಣ ಎಂದುಕೊಂಡೆ ಎಂದರು.

ಹೆಂಡತಿಯ ಹಟ್ಟಿ ಯಾವುದೆಂದು ಎಸ್‌ಐ ಕೇಳಿದರು. ತುಮ್ಮನಟ್ಟಿ, ಹೆಸರು ಗಿರಿಜೆ ಎಂದರು. ನಾನು ಕುಳಿತಲ್ಲಿಂದ ಎದ್ದೆ. ಗಿರಿಜೆಯೂ ನಾನೂ ಒಂದೇ ಹೊಲದಲ್ಲಿ ಆಲೂಗಡ್ಡೆ ಕಿತ್ತವರು. ಅವಳು ಗೂಡಲೂರಿನವನ ಜೊತೆ ಹೋದಳೆಂದು ಹಟ್ಟಿಯಲ್ಲಿ ಅವಳ ಹೆಸರೆತ್ತುವುದನ್ನೇ ಬಿಟ್ಟಿದ್ದರು. ಅವಳು ಸತ್ತ ಸುದ್ದಿ ನನಗೆ ಠಾಣೆಯಲ್ಲಿ ತಿಳಿಯಿತು. ನನಗೆ ಅಳು ಬಂತು.

ನಾನು ದೂರು ಬಿಡದಿದ್ದರೆ ಡಬ್ಬಿಯನ್ನು ಇಲ್ಲೇ ಇಟ್ಟುಕೊಳ್ಳಬೇಕಾಗುತ್ತದೆ ಎಂದು ಎಸ್‌ಐ ಹೇಳಿದರು. ನನ್ನ ದೂರು ಇಲ್ಲ. ಆದರೆ ಮಣ್ಣು ಹಾಗೆಯೇ ಹೋಗುವುದು ಸರಿಯಲ್ಲ. ನಮ್ಮ ಹಟ್ಟಿಯಲ್ಲಿ ಯಾರು ಸತ್ತರೂ ಮನೆಗೊಂದು ಕೈ ಮಣ್ಣು ಬೀಳಬೇಕು. ಮಾತು ಬಿಟ್ಟವರೂ ಬಂದು ಹಾಕಬೇಕು.

ಡಬ್ಬಿಯನ್ನು ಕೇಳಿ ಪಡೆದು ಮೇಜಿನ ಮೇಲೆ ಪೇಪರ್ ಹಾಸಿ ಮಣ್ಣನ್ನು ಸುರಿದೆ. ಮೊದಲು ಗಿರಿಜೆಯ ತವರುಮನೆಯ ಹೆಸರು ಹೇಳಿ ಒಂದು ಕೈ ಮಣ್ಣನ್ನು ಮತ್ತೆ ಡಬ್ಬಿಗೆ ಹಾಕಿದೆ. ಆಮೇಲೆ "ಇದು ಭೋಜನ್ ಮನೆ ಕೈ, ಇದು ಮೇಲ್ಮನೆ ಕೈ" ಎಂದು ಮನೆ ಮನೆಯ ಹೆಸರು ಹೇಳಿ, ಮಣ್ಣು ಸಾಲದೆಂದು ಚೂರು ಚೂರೇ ಹಾಕುತ್ತಾ ಬಂದೆ. ಸುಧಾಕರನ್ ತಲೆಯ ಮೇಲಿನ ಟೋಪಿ ತೆಗೆದು ನಿಂತಿದ್ದರು. ಕೊನೆಗೆ ಬೀಗ ಹಾಕಿದ ನಮ್ಮ ಮನೆಯ ಕೈಯನ್ನೂ ಹಾಕಿದೆ. ನನಗೆ ಯಾರು ಹಾಕುತ್ತಾರೋ ಗೊತ್ತಿಲ್ಲ.

ಡಬ್ಬಿ ಮುಚ್ಚುವ ಮೊದಲು ಅವರು ನನ್ನ ಹೆಸರನ್ನು ಇನ್ನೊಮ್ಮೆ ಕೇಳಿದರು. ಯಾಕೆ ಎಂದೆ. "ಯಾರು ಬಂದಿದ್ರು ಅಂತ ಅವಳು ಕೇಳ್ತಾಳೆ ಅಮ್ಮಾ" ಎಂದರು.

ಬರೆದದ್ದನ್ನು ನನಗೆ ಓದಿ ಕೇಳಿಸಿದರು. ನಾನು ಹೇಳಿದ್ದೇ ಇದೆ, ಎಲ್ಲವೂ ನಿಜ. ಹೆಬ್ಬೆಟ್ಟಿನ ಮಣ್ಣು ತೊಳೆದು ಒತ್ತಲು ಹೇಳಿದರು. ತೊಳೆಯದೆ ಒತ್ತಿದ್ದೇನೆ.

ಸ್ಥಳ: ಉದಕಮಂಡಲ
ದಿನಾಂಕ: 20-11-2025
ಮಹಾಲಿಂಗಮ್ಮ, ಎಡಗೈ ಹೆಬ್ಬೆಟ್ಟು