ಸಪ್ಪಳ ಮಾಡದ ರಬ್ಬರ್

ಹಳಿಯಾಳದ ದವಾಖಾನೆಯ ಬೆಂಚಿನ ಮೇಲೆ, ಸರದಿ ಕಾಯುತ್ತಿದ್ದ ನನ್ನ ಪಕ್ಕದಲ್ಲಿ ಬಾಡಿಗೆ ಜೀಪಿನ ಡ್ರೈವರ್ ಮಾನ್ವೆಲ್ ಕೂತಿದ್ದ. ಅವನಾಚೆ ಅವನ ಹೆಂಡತಿಯ ಅಣ್ಣನ ಮಗಳು ನೀಲಂ. ಧಾರವಾಡದಲ್ಲಿ ಶಾಕ್ ಅಬ್ಸಾರ್ಬರ್ ಡಿಸೈನ್ ಮಾಡುತ್ತಾಳಂತೆ.

“ಏನಾತು, ಮಾಮಾ?”

“ಉಳವಿ ರಸ್ತೆದಾಗ ಶಾಕ್‌ನ ಮ್ಯಾಲಿನ ಕಬ್ಬಿಣ ಕಿತ್ತು ಬಂತು. ಜೀಪು ಗಟಾರಕ್ಕ ಬಿತ್ತು. ನಿಮ್ಮತ್ತಿ ಕಾಲು ಮುರೀತು.”

“ಶಾಕ್ ಪೂರಾ ಕುಂತಾಗ ತಡಿಯೂ ರಬ್ಬರ್ ನಾನ ಕೊಟ್ಟಿದ್ದೆ. ಅದು ಹರದಿತ್ತೇನು?”

“ಇಲ್ಲ, ಗಟ್ಟಿ ಐತಿ. ಹಳೇ ರಬ್ಬರ್ ಇದ್ದಾಗ ಲೋಡ್ ಹೆಚ್ಚಾದ್ರ ತೆಗ್ಗಿನಾಗ ಧಡ್ ಅಂತಿತ್ತು. ಆವಾಗ ಮಂದಿನ್ನ ಇಳಸ್ತಿದ್ದೆ. ನಿಂದು ಸಪ್ಪಳಾನ ಮಾಡಲಿಲ್ಲ. ನಾ ಲೋಡ್ ಗೊತ್ತಾಗದ ಮಂದಿನ್ನ ಹತ್ತಿಸ್ಕೋತ ಹೋದೆ.”

ಹುಡುಗಿಯ ಕಣ್ಣಲ್ಲಿ ನೀರು ಬಂತು.

“ಸಪ್ಪಳ ಬರಬಾರದಂತನ ಅದನ್ನ ಮೆತ್ತಗ ಮಾಡಿದ್ದೆ. ಆಫೀಸಿನಾಗ ಎಲ್ಲಾರೂ ಹೊಗಳಿದ್ರು.”

“ತಪ್ಪು ನಂದು, ಬಿಡು.”

“ಅಲ್ಲ ಮಾಮಾ. ಸಣ್ಣಾಕಿದ್ದಾಗ ಆ ಸಪ್ಪಳ ಆದ್ರ ನಾನೂ ಜೀಪಿನಿಂದ ಇಳದು ನಡದೀನಿ. ನನಗ ಗೊತ್ತಿತ್ತು. ಡಿಸೈನ್ ಮಾಡೂ ಮುಂದ ನೆನಪಾಗಲಿಲ್ಲ.”

ನರ್ಸ್ ಒಳಗೆ ಕರೆದಳು. ಇಬ್ಬರೂ ಎದ್ದರು. ಮಾನ್ವೆಲ್ ಅವಳನ್ನು ತಡೆದ.

“ಮೊದಲ ಕಣ್ಣು ಒರಸ್ಕೋ. ಎಚ್ಚರಾದ ಕೂಡ್ಲೆ ನಿಮ್ಮತ್ತಿ ಕೇಳಿದ್ದು ಒಂದ ಮಾತು: ‘ನಮ್ಮ ನೀಲಂನ ರಬ್ಬರಿಗೆ ಏನೂ ಆಗಿಲ್ಲಲ್ಲ?’”