ಹಿಂದೆ ಕಾಣುವವರು

ಕುಂಭಾರಿ ಸ್ಟಾಪಿನಲ್ಲಿ ಸೊಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದ ಚಾದರ ವ್ಯಾಪಾರಿ ಸಾತಲಿಂಗಪ್ಪನ ಕಿವಿ, ಪಕ್ಕದಲ್ಲಿದ್ದ ಅಜ್ಜಿ ಮೊಮ್ಮಗಳ ಕಡೆಗೇ ಇತ್ತು. ಎತ್ತರದ ಹುಡುಗಿಯ ಅಂಗಿಯ ಬೆನ್ನ ಮೇಲೆ ‘ಭಾರತ’ ಎಂದು ಬರೆದಿತ್ತು.

“ಶೀತಲ, ನಿನ್ನ ದೋಣಿ ರೇಸ್ ನಾ ಟೀವಿಯಾಗ ನೋಡೀನಿ. ದೋಣಿ ಮುಂದ ಹೋಗ್ತದ, ನೀ ಹಿಂದಕ ಮಾರಿ ಮಾಡಿ ಹುಟ್ಟ ಹಾಕ್ತಿ.”

“ಎಲ್ಲಾರೂ ಹಂಗ ಕೂಡ್ತಾರ, ಆಯಿ.”

“ಮತ್ತ ಮುಂದಿಂದು ಹ್ಯಾಂಗ ಕಾಣ್ತದ?”

“ಕಾಣಂಗಿಲ್ಲ. ನಾವು ದಾಟಿ ಬಂದವರಷ್ಟ ಕಾಣ್ತಾರ.”

“ಈ ಸಲ ಎಷ್ಟ ಮಂದಿ ಕಂಡ್ರು?”

ಹುಡುಗಿ ದಡ್ಡುಗಟ್ಟಿದ ಅಂಗೈ ನೋಡಿಕೊಂಡಳು. “ಒಬ್ಬರೂ ಕಾಣಲಿಲ್ಲ. ಬರೇ ನೀರು.”

ಕೇಳಬಾರದ್ದು ಕೇಳಿದಂತಾಗಿ ಸಾತಲಿಂಗಪ್ಪ ರಸ್ತೆಯ ಕಡೆ ಮುಖ ಮಾಡಿದ.

“ಒಂಬತ್ತು ವರ್ಷ ಹುಟ್ಟ ಹಾಕಿ, ಈಗ ಬಿಡ್ತೀನಿ ಅಂತೀಯೇನು?”

“ಹೂಂ. ಈಗ ಹೋಗೂದು ಕ್ಯಾಂಪಿನಾಗಿನ ಸಾಮಾನ ತರಾಕ ಅಷ್ಟ.”

ಬಸ್ಸು ಬಂತು.

“ತಿರುಗಿ ನೋಡಂಗಿಲ್ಲ ಆಯಿ. ಊರ ಬಿಡೂವಾಗ ನೋಡಬಾರದಂತ ನೀನ ಹೇಳ್ತಿ.”

“ಇವತ್ತ ನೋಡು. ಕಡೀ ಸೀಟಿಗೆ ಕೂಡು. ನಿನ್ನ ಹಿಂದ ನಾ ಒಬ್ಬಾಕಿ ಕಾಣ್ತೀನಿ.”

ಬಸ್ಸು ಹೊರಟಿತು. ಮುದುಕಿ ಸೆರಗು ಬಿಗಿದುಕೊಂಡು ರಸ್ತೆಯ ನಡುವೆಯೇ ನಿಂತಿದ್ದಳು. ಹಿಂದಿನ ಗಾಜಿನಲ್ಲಿ ಅವಳು ಚುಕ್ಕೆಯಾಗುವವರೆಗೂ ಹುಡುಗಿ ಮುಂದಕ್ಕೆ ತಿರುಗಲಿಲ್ಲ. ಅದೇ ಸೀಟಿನ ಇನ್ನೊಂದು ತುದಿಗೆ ಕೂತಿದ್ದ ಸಾತಲಿಂಗಪ್ಪನೂ ತಿರುಗಲಿಲ್ಲ.