ಕೀಲಿ ಗೂಟದಲ್ಲೇ ಇತ್ತು

ಕೆಳಗೆ ರುಜು ಹಾಕಿರುವ ನಾನು, ವಯಸ್ಸು ೪೧, ಕಸುಬು ಸಮುದ್ರದಲ್ಲಿ ಎಣ್ಣೆ ಹುಡುಕುವ ಹಡಗಿನಲ್ಲಿ ಡೆಕ್ ಕೆಲಸ, ವಾಸ ಬಂದರಿನ ಹಿಂದಿನ ಓಣಿ, ಐಸ್ ಕಾರ್ಖಾನೆಯ ಮೇಲಿನ ಮನೆ, ಈ ಮೂಲಕ ತಮಗೆ ತಿಳಿಸುವುದೇನೆಂದರೆ, ಹಡಗಿನಲ್ಲಿ ಗಾಯಗೊಂಡವರು ನನ್ನ ಅಕ್ಕನ ಗಂಡ. ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿಲ್ಲ. ನಾನು ಆರನೇ ತರಗತಿಗೇ ಶಾಲೆ ಬಿಟ್ಟವನು. ಹೇಳುವುದು ಹಿಂದುಮುಂದಾದರೆ ತಾವು ಸರಿಪಡಿಸಿಕೊಳ್ಳಬೇಕು, ಆದರೆ ಅರ್ಥ ಬದಲಾಗಬಾರದು.

ಹಡಗಿನಲ್ಲಿ ಎರಡು ತಂಡ. ಭಾವನದು ಗಾಳಿ ತಂಡ. ಅವರು ನೀರಿನಲ್ಲಿ ಗಾಳಿ ಸಿಡಿಸಿ, ನೆಲದಡಿಯಿಂದ ಮರಳುವ ಸದ್ದಿನಿಂದ ಬಂಡೆಯ ಆಕಾರ ತಿಳಿಯುತ್ತಾರೆ. ನನ್ನದು ಕರೆಂಟು ತಂಡ. ನಾವು ಕೇಬಲ್ಲಿನಿಂದ ಸಮುದ್ರಕ್ಕೆ ಕರೆಂಟು ಬಿಟ್ಟು, ಆ ಬಂಡೆಯೊಳಗೆ ಇರುವುದು ಎಣ್ಣೆಯೋ ಉಪ್ಪುನೀರೋ ನೋಡುತ್ತೇವೆ. ಮೊದಲು ಇದಕ್ಕೆ ಎರಡು ಹಡಗು ಹೋಗುತ್ತಿದ್ದವು. ಈ ಸಲ ಎರಡೂ ತಂಡವನ್ನು ಒಂದರಲ್ಲೇ ತುಂಬಿದರು.

ದಿನಾಂಕ ೧೪ರಂದು ಮಧ್ಯಾಹ್ನ ೧೨-೩೦ಕ್ಕೆ ಊಟದ ಕೋಣೆಯಲ್ಲಿ ಭಾವ ನಮ್ಮ ತಂಡದಲ್ಲಿ ಕರೆಂಟು ಹಾಕುವ ಸ್ವಿಚ್ಚಿನವನಿಗೆ, ಪಾತ್ರೆ ಹುಡುಕಿಕೊಡೋರು ನಾವು, ಮುಚ್ಚಳ ತೆಗೆದು ಮೂಸೋರು ನೀವು, ಮಿಂಚುಹುಳಗಳು ಕಣಯ್ಯಾ ಎಂದರು. ಅವನು, ಪಟಾಕಿ ಹೊಡೆಯೋದಕ್ಕೇ ಇಷ್ಟು ಜಂಭಾನಾ, ಒಂದಿನ ಮುಟ್ಟಿ ನೋಡಿ, ಗೊತ್ತಾಗತ್ತೆ ಎಂದ. ಎಲ್ಲರೂ ನಕ್ಕರು. ಭಾವ ತಮ್ಮ ಮೊಟ್ಟೆಯನ್ನು ಅವನ ತಟ್ಟೆಗೆ ಹಾಕಿದರು. ತಾವು ಮಾತನ್ನು ಮಾತ್ರ ಬರೆದುಕೊಂಡಿದ್ದೀರಂತೆ. ಮೊಟ್ಟೆಯನ್ನೂ ಬರೆಯಬೇಕು.

೨-೧೦ಕ್ಕೆ ಡೆಕ್ಕಿನ ಹಿಂಭಾಗದಲ್ಲಿ ಗಾಳಿ ತಂಡದ ಹಗ್ಗ ನಮ್ಮ ಕೇಬಲ್ಲಿಗೆ ಸುತ್ತಿಕೊಂಡಿತು. ಭಾವ ತಮ್ಮ ತಂಡದ ವಾಕಿಟಾಕಿಯಲ್ಲಿ, ಹಿಂದೆ ಹೋಗ್ತಿದ್ದೀನಿ, ಬಿಡಿಸ್ಕೊಂಡು ಬರ್ತೀನಿ ಎಂದರಂತೆ. ಅವರ ಮೇಸ್ತ್ರಿ ಗಾಳಿ ನಿಲ್ಲಿಸಿದರಂತೆ. ಅವರಲ್ಲಿ ಹಾಗೆ ಹೇಳಿ ಹೋದರೆ ಸಾಕು. ಆ ವಾಕಿಟಾಕಿಯ ಮಾತು ನಮ್ಮ ಕೋಣೆಗೆ ಬರುವುದಿಲ್ಲ. ನಮ್ಮಲ್ಲಿ ಕೇಬಲ್ ಮುಟ್ಟುವವನು ಸ್ವಿಚ್ಚಿನ ಕೀಲಿಯನ್ನು ಗೂಟದಿಂದ ತೆಗೆದು ಜೇಬಿಗೆ ಹಾಕಿಕೊಂಡೇ ಹೋಗಬೇಕು. ಕೀಲಿ ಗೂಟದಲ್ಲಿದ್ದರೆ ಕೇಬಲ್ಲಿನ ಹತ್ತಿರ ಯಾರೂ ಇಲ್ಲ ಎಂದರ್ಥ. ನಮ್ಮ ಪದ್ಧತಿಯನ್ನು ಅವರಿಗಾಗಲಿ, ಅವರದನ್ನು ನಮಗಾಗಲಿ ಯಾರೂ ಹೇಳಿರಲಿಲ್ಲ.

ನಾನು ಸ್ವಿಚ್ಚಿನ ಕೋಣೆಯಲ್ಲಿದ್ದೆ. ಅಲ್ಲಿಂದ ಡೆಕ್ಕಿನ ಹಿಂಭಾಗ ಕಾಣುವುದಿಲ್ಲ. ಕರೆಂಟು ಪರೀಕ್ಷಿಸಬೇಕಿತ್ತು. ಹೊರಗೆ ಯಾರಾದ್ರೂ ಇದ್ದಾರಾ ಎಂದು ಸ್ವಿಚ್ಚಿನವನು ಕೇಳಿದ. ನನ್ನದು ಪುಕ್ಕಲು ಜೀವ, ಮನೆಯಲ್ಲಿ ಗ್ಯಾಸು ಆರಿಸಿ ಮತ್ತೆ ಮತ್ತೆ ನೋಡುವವನು. ಎದ್ದುಹೋಗಿ ಗೂಟದಲ್ಲಿದ್ದ ಕೀಲಿಯನ್ನು ಮುಟ್ಟಿಯೇ ನೋಡಿದೆ. ಏನ್ ಗುರೂ, ಅದಕ್ಕೇನು ಕಾಲು ಬಂದಿದೆಯಾ ಎಂದು ಅವನು ನಕ್ಕ. ಕೀಲಿ ಇದೆ, ಯಾರೂ ಇಲ್ಲ ಎಂದೆ. ಅವನು ಅದೇ ಕೀಲಿ ಹಾಕಿ ತಿರುಗಿಸಿದ. ಆಗ ೨-೧೮.

ಕೂಗು ಕೇಳಿಸಿತು. ಅವನು ತಕ್ಷಣ ಕೀಲಿ ಕಿತ್ತು ಓಡಿದ. ಸುಮಾರು ೩೦ ಅಡಿ ದೂರ. ಭಾವ ಕೇಬಲ್ಲಿನ ತಾಮ್ರದ ತುದಿಯ ಬಳಿ ಬಿದ್ದಿದ್ದರು. ಹಡಗಿನ ವೈದ್ಯರು ಬರುವವರೆಗೂ ಎದೆ ಒತ್ತಿದವನು ಅವನೇ. ನಾನು ಭಾವನ ಕಾಲು ಹಿಡಿದು ಕೂತಿದ್ದೆ. ಬೂಟಿನೊಳಗೆ ಬಿಸಿಯಿತ್ತು.

ಊಟದ ಹೊತ್ತಿನ ಜಗಳಕ್ಕೆ ಅವನು ಬೇಕೆಂದೇ ಮಾಡಿದ ಎಂದು ಹೇಳುವಂತೆ ಅಕ್ಕ ಬೆಳಗಿನಿಂದ ಹಟ ಹಿಡಿದಿದ್ದಾಳೆ. ಒಡಹುಟ್ಟಿ ಇಷ್ಟೂ ಮಾಡಲ್ವೇನೋ ಎಂದಳು. ಬೇಕೆಂದು ಮಾಡಿದ್ದಲ್ಲ. ಅವನು ತಿರುಗಿಸಿದ್ದು ನನ್ನ ಮಾತಿನ ಮೇಲೆ. ತಾವು ಹಿಡಿದು ತಂದಿರುವ ಅವನನ್ನು ಲಾಕಪ್ಪಿನಲ್ಲಿ ಇಟ್ಟುಕೊಳ್ಳಲು ನನ್ನ ಹೇಳಿಕೆಯನ್ನು ಕಾರಣ ಮಾಡಬಾರದು.

ಇದಿಷ್ಟೂ ನಾನು ಕಂಡು ಕೇಳಿದ್ದು, ಓದಿಸಿ ಕೇಳಿದ್ದೇನೆ, ನಿಜವಿದೆ. ಅಕ್ಕ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ. ಯಾರೂ ಇಲ್ಲ ಎಂದವನು ನಾನು ಎಂದು ಅವಳಿಗೆ ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ತಾವು ಯಾರೂ ಹೇಳಬಾರದೆಂದು ವಿನಂತಿ.

ಸ್ಥಳ: ಬಂದರು ಠಾಣೆ
ದಿನಾಂಕ: ೧೬
(ರುಜು)